ಗದಿಗೆಮ್ಮನ ಪುಂಡಿಪಲ್ಲೆ ಮಡಿ

ತೆಲುಗು ನಾಡಿನ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಬೆಳಗಾದರೆ ಒಂದೇ ಜಗಳ. ನಾಯಿಗಳು ಹುಲ್ಲಿನ ಮೇಲೆ ಹೊಲಸು ಮಾಡಲು ಕೂರುತ್ತವೆ, ಸಾಕಿದವರು ಆಕಾಶ ನೋಡುತ್ತಾರೆ, ತುಳಿದವರು ಬಯ್ಯುತ್ತಾರೆ. ಬಾಚುವವಳು ಮಾತ್ರ ವಾಚ್‌ಮನ್ ಅಮರಯ್ಯನ ಹೆಂಡತಿ ಗದಿಗೆಮ್ಮ.

ಯಾದಗಿರಿ ಕಡೆಯ ಹೆಂಗಸು, ಏನನ್ನೂ ದಂಡ ಮಾಡುವವಳಲ್ಲ. ಊರಲ್ಲಿ ಸೆಗಣಿ ಕದಡಿ ಗಿಡಕ್ಕೆ ಹೊಯ್ಯುತ್ತಿದ್ದ ಹಾಗೆಯೇ ಇಲ್ಲಿ ನಾಯಿಯ ಹೊಲಸನ್ನು ಕದಡಿ ಕಾಂಪೌಂಡಿನ ಮೂಲೆಯ ಪುಂಡಿಪಲ್ಲೆ ಮಡಿಗೆ ಹೊಯ್ದಳು. ತೆಲುಗಿನವರು ಗೋಂಗೂರ ಎನ್ನುವ ಅದೇ ಹುಳಿಸೊಪ್ಪು. ಬಸುರಿ ಸೊಸೆ ಗುರುದೇವಿಗೆ ಅದರದೇ ಬಯಕೆ. ಎಳೆ ಎಲೆಗೆ ಉಪ್ಪು ಹಚ್ಚಿ ಹಸಿಯಾಗಿಯೇ ತಿನ್ನುವ ಆಸೆ. ಇನ್ನೊಂದು ವಾರ ತಡಿ ಎಂದು ಅತ್ತೆ ಸಮಾಧಾನ ಹೇಳಿದ್ದಳು.

ಎರಡನೇ ಮಹಡಿಯ ನಿಖಿತಾ ಮೈಸೂರಿನವಳು, ಪಶುವೈದ್ಯೆ. ಹೊಲಸು ಕದಡಿದ ಬಕೆಟ್ಟು ನೋಡಿ ನಿಂತಳು. ಸೊಪ್ಪು ಯಾರಿಗೆಂದು ಕೇಳಿದವಳು, ದಯವಿಟ್ಟು ತಿನ್ನಿಸಬೇಡಿ ಎಂದಳು. ಗದಿಗೆಮ್ಮನಿಗೆ ಸಿಟ್ಟು ಬಂತು.

"ಸೆಗಣಿ ಹಾಕಿ ಬೆಳೆದದ್ದು ಉಂಡೇ ದೊಡ್ಡವರಾಗೀವ್ರಿ. ಇದ್ಯಾಕ ಬ್ಯಾಡ?"

"ನಾಯಿ ಹೊಟ್ಟೆಯ ಕೆಲವು ಹುಳ ನಮಗೂ ಬರುತ್ತೆ ಅಮ್ಮ. ಅದರ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ. ಕಣ್ಣಿಗೂ ತೊಂದರೆ ಆಗಬಹುದು."

ಗದಿಗೆಮ್ಮ ನಂಬಲಿಲ್ಲ. ನಿಖಿತಾ ಮಡಿಯ ಮಣ್ಣನ್ನು ಒಂದು ಚಮಚೆ ತೆಗೆದುಕೊಂಡು, ಮೆಹದಿಪಟ್ಟಣಂನ ತನ್ನ ದವಾಖಾನೆಗೆ ಅವಳನ್ನೂ ಕರೆದೊಯ್ದಳು. ಮಣ್ಣನ್ನು ಉಪ್ಪುನೀರಿನಲ್ಲಿ ತೇಲಿಸಿ, ಮೇಲಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಬೆಳಕಿನ ನಡುವೆ ದುಂಡನೆಯ ಮೊಟ್ಟೆ. ಒಳಗೆ ಸುರುಳಿ ಸುತ್ತಿಕೊಂಡ ಮರಿಹುಳು. ನೋಡುತ್ತಿದ್ದಂತೆ ಅದು ಹೊರಳಿತು.

ಗದಿಗೆಮ್ಮನಿಗೆ ಬೆರಗು, ಭಯ ಎರಡೂ ಒಟ್ಟಿಗೆ ಆದವು. "ಇಷ್ಟ ಸಣ್ಣದರಾಗೂ ಜೀವ ಇಟ್ಟಾನಲ್ರಿ ಶಿವ," ಎಂದಳು ಮೆಲ್ಲಗೆ.

ಮನೆಗೆ ಬಂದವಳೇ ಇಡೀ ಮಡಿ ಕಿತ್ತು ಕಸದ ಗಾಡಿಗೆ ಹಾಕಿದಳು. ಗುರುದೇವಿ ಕಣ್ಣೊರೆಸಿಕೊಂಡಳು, ಅತ್ತೆಯೂ ಅತ್ತಳು.

ಹಾಗಾದರೆ ಈ ಹೊಲಸನ್ನು ಏನು ಮಾಡುವುದು? ನಿಖಿತಾ ದಾರಿ ತೋರಿಸಿದಳು. ತೂತು ಕೊರೆದ, ಮುಚ್ಚಳವಿರುವ ಡ್ರಮ್ಮನ್ನು ಮೂಲೆಗಿಟ್ಟರು. ಕೈಗವಸು ತೊಟ್ಟು ಹೊಲಸು ಹಾಕಿ, ಮೇಲೆ ಒಣ ಎಲೆ, ಮರದ ಹೊಟ್ಟು ಹರಡಿ, ಆಗಾಗ ಮಗುಚಿ ನೀರು ಚಿಮುಕಿಸಿದರು. ಕೆಲ ದಿನಗಳಾದ ಮೇಲೆ ಅಮರಯ್ಯ ಮುಚ್ಚಳ ತೆಗೆದರೆ ಹಬೆ ಎದ್ದಿತು. ಗಂಡಹೆಂಡತಿ ಇಬ್ಬರೂ ಅದರ ಮೇಲೆ ಅಂಗೈ ಹಿಡಿದು ನಿಂತರು.

"ಒಲಿ ಇಲ್ಲ, ಕಟಗಿ ಇಲ್ಲ. ಯಾರು ಉರಿ ಹಾಕಾಕತ್ತಾರ ಒಳಗ?" ಎಂದ ಅಮರಯ್ಯ.

ತುಂಬಿದ ಡ್ರಮ್ಮು ವರ್ಷವಿಡೀ ಮಾಗಿತು. ಕೊನೆಗೆ ಸಿಕ್ಕಿದ್ದು ವಾಸನೆಯಿಲ್ಲದ ಕರಿಮಣ್ಣು. ಗೇಟಿನ ಬಳಿ ಸೊರಗಿದ್ದ ದಾಸವಾಳಕ್ಕೆ ಹಾಕಿದರು, ಎಲೆ ಕಾಣದಷ್ಟು ಹೂ ಬಿಟ್ಟಿತು. ಪುಂಡಿಪಲ್ಲೆಗೆ ಮಾತ್ರ ಅದನ್ನು ಸೋಕಿಸಲಿಲ್ಲ. ಅದು ಹೊಸ ಮಣ್ಣಿನ ಕುಂಡದಲ್ಲಿ, ಚೆನ್ನಾಗಿ ಕಳಿತ ಸೆಗಣಿ ಗೊಬ್ಬರದಲ್ಲಿ ಬೆಳೆಯಿತು. ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಗುರುದೇವಿ ತೊಳೆದ ಎಲೆಗೆ ಉಪ್ಪು ಹಚ್ಚಿ ತಿಂದಳು. ಗದಿಗೆಮ್ಮ ನೋಡುತ್ತ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ಕೂತಾಗ ಆಕಾಶ ನೋಡಬೇಡಿ, ಬಾಚಿ. ಹಸಿ ಹೊಲಸನ್ನು ಹುಲ್ಲಿಗೂ ಗಿಡಕ್ಕೂ ಹಾಕಬೇಡಿ. ಮಾಗಿದ್ದೂ ಹೂವಿನ ಗಿಡಕ್ಕಷ್ಟೇ, ತಿನ್ನುವ ಸೊಪ್ಪಿಗೆ ಎಂದಿಗೂ ಬೇಡ. ಬೆಕ್ಕಿನ ಹೊಲಸಿನಲ್ಲಿರುವ ರೋಗಾಣು ಹೊಟ್ಟೆಯ ಕೂಸಿಗೆ ಕೇಡು ಮಾಡಬಹುದು, ಬಸುರಿಯರು ಅದನ್ನು ಮುಟ್ಟಬೇಡಿ. ನಾಯಿಗೆ ಜಂತುಹುಳದ ಔಷಧ ಕೊಡಿಸಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಗದಿಗೆಮ್ಮ ಕಂಡದ್ದು ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ನಿಮ್ಮ ಅಂಗಳದಲ್ಲೂ ಇರಬಹುದು.