ಬಾಗಿಲಲ್ಲಿ ಹೇಳಿದ ಹೆಸರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಗುರುವಾರ ನನ್ನ ಜಾಗದಲ್ಲಿ ಯಾರಿದ್ದರೂ ಸಿಟ್ಟು ಬರುತ್ತಿತ್ತು.

ನಾನು ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಹಿಂದಿನ ವರ್ಷ ಶಿವಾಜಿನಗರದ ದೊಡ್ಡ ಪ್ರದರ್ಶನದಲ್ಲಿ ಮಾಧುರಿ ಎಂಬಾಕೆಯ ಮಳಿಗೆಯ ಹಿಂದೆ ನಿಂತು ಮಾರಿದ್ದೆ. ರೊಟ್ಟಿ ನನ್ನದು, ಪಾಕೀಟಿನ ಮೇಲಿನ ಹೆಸರು ಅವಳದು. ಜನ ತಿಂದು ಅವಳನ್ನು ಹೊಗಳುತ್ತಿದ್ದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ 2008ರಲ್ಲಿ ನನ್ನದೇ ಮಳಿಗೆ ಬೇಕೆಂದು ಹಟ ಹಿಡಿದೆ. ಆ ಸಲ ಮಳಿಗೆಗಳನ್ನು ಇಂಟರ್ನೆಟ್‌ನಲ್ಲಿ ಮಾತ್ರ ಕೊಡುವುದಾಗಿ ಹೇಳಿದ್ದರು. ಗುರುವಾರ ಬೆಳಗ್ಗೆ ಶುರು, ಮೊದಲು ಬಂದವರಿಗೆ ಮೊದಲು.

ನನ್ನ ಸೊಸೆ ಹರ್ಷದಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಪುಣೆಯದೇ ಮರಾಠಿ ಹುಡುಗಿ. ನಮ್ಮ ಮನೆಗೆ ಬಂದು ಕನ್ನಡ ಕಲಿತಳು, ಆದರೂ ನನ್ನನ್ನು ಮರಾಠಿಯಲ್ಲಿ ಆಯಿ, ಅಂದರೆ ಅಮ್ಮ, ಎಂದೇ ಕರೆಯುತ್ತಾಳೆ. ವೈರಸ್ ಹಿಡಿದು ನರಳುತ್ತಿದ್ದ ಮನೆಯ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದವಳು ಅವಳೇ. ಅದು ಪುಕ್ಕಟೆಯಂತೆ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಂತೆ. ಪುಕ್ಕಟೆ ಸಾಮಾನಿನ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ಗುರುವಾರ ಪ್ರದರ್ಶನದವರ ಜಾಲತಾಣ ತೆರೆದರೆ ಕೆಂಪು ಅಕ್ಷರದ ಒಂದು ಸಾಲು ಬಿಟ್ಟು ಬೇರೇನೂ ಇಲ್ಲ. ಹರ್ಷದಾ ಓದಿ ಹೇಳಿದಳು: ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದ್ದವರಿಗೆ ಮಾತ್ರ ಪ್ರವೇಶ. ಅದು ವಿಂಡೋಸ್ ಜೊತೆಗೇ ಹೋಗಿತ್ತು; ಈಗ ನಮ್ಮಲ್ಲಿದ್ದ ಬ್ರೌಸರ್ ಫೈರ್‌ಫಾಕ್ಸ್.

“ನಾ ಹೇಳಿರಲಿಲ್ಲೇನು? ಇದ್ದದ್ದನ್ನ ಕಿತ್ತು ಒಗದಿ, ಈಗ ನೋಡು!” ಎಂದು ಚಪ್ಪಲಿ ಮೆಟ್ಟಿಕೊಂಡು ಓಣಿಯ ಸೈಬರ್ ಕೆಫೆಗೆ ಹೊರಟೆ.

ಅಲ್ಲಿ ಕೆಫೆಯ ಹುಡುಗ ಸ್ವಪ್ನಿಲ್ ಅರ್ಧ ಷಟರ್ ಎಳೆದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. “ಗಂಗಾಬಾಯಿ, ಆಜ್ ಗುರುವಾರ್!” ಎಂದ. ಗುರುವಾರ ನಮ್ಮಲ್ಲಿ ಕರೆಂಟು ತೆಗೆಯುತ್ತಾರೆ ಎಂಬುದು ಸಿಟ್ಟಿನಲ್ಲಿ ಮರೆತೇ ಹೋಗಿತ್ತು. ನಮ್ಮ ಮನೆಯ ಕಂಪ್ಯೂಟರ್ ಇನ್ವರ್ಟರ್ ಮೇಲೆ ಓಡುತ್ತಿತ್ತು. ಅದಾದರೂ ಎಷ್ಟು ಹೊತ್ತು ಓಡೀತು? ಮಳಿಗೆಗಳು ಒಂದೊಂದಾಗಿ ಹೋಗುತ್ತಿರುತ್ತವೆ ಎಂಬುದು ನೆನಪಾಯಿತು. ಬಂದ ದಾರಿಯಲ್ಲೇ ಓಡಿದೆ.

ಹರ್ಷದಾ ಕೂತಲ್ಲಿಂದ ಎದ್ದಿರಲಿಲ್ಲ.

“ಆಯಿ, ಸಿಟ್ಟಾಗಬ್ಯಾಡ್ರಿ, ಕೇಳ್ರಿ. ಒಳಗ ಹೋಗೂ ಮುಂದ ಬ್ರೌಸರ್ ತನ್ನ ಹೆಸರ ಹೇಳತದ. ಇವರು ಹೆಸರ ಕೇಳೇ ಬಾಗಲಾ ಹಾಕ್ಯಾರ. ನಮ್ಮದಕ್ಕ ಕೆಲಸ ಬರತದೋ ಇಲ್ಲೋ ಅಂತ ನೋಡೇ ಇಲ್ಲ.”

“ಹಂಗಾದ್ರ ಬ್ಯಾರೆ ಹೆಸರ ಹೇಳು!”

“ಅದನ್ನ ಮಾಡಾಕತ್ತೀನಿ.”

ಹೆಸರು ಬದಲಿಸಿ ಹೇಳಲೆಂದೇ ಒಂದು ಎಕ್ಸ್‌ಟೆನ್ಷನ್ ಇರುತ್ತದಂತೆ, ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಜೋಡಣೆ. ಅದನ್ನು ಇಳಿಸಿಕೊಂಡಳು. ಸೇರಿಸಹೋದರೆ ಇನ್ನೊಂದು ತಕರಾರು: ನಿಮ್ಮ ಫೈರ್‌ಫಾಕ್ಸ್ ಮೂರಕ್ಕೆ ಇದು ಹೊಂದುವುದಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಅವಳು ಮಾತ್ರ ನಕ್ಕಳು.

“ಇದನ್ನ ಮಾಡಿದಾಗ ಮೂರು ಹುಟ್ಟೇ ಇರಲಿಲ್ರಿ. ಎರಡರ ತನಾ ನಡೀತದ ಅಂತ ಬರದು ಬಿಟ್ಟಾರ. ಬರದದ್ದು ಅಷ್ಟ, ಬ್ಯಾರೆ ಏನೂ ಅಡ್ಡಿಲ್ಲ ಅನಸ್ತದ.”

ಎಕ್ಸ್‌ಟೆನ್ಷನ್ನಿನ ಫೈಲನ್ನು ಬಿಚ್ಚಿದಳು. ಒಳಗೆ ಸಾಲು ಸಾಲು ಬರಹ. ಒಂದು ಕಡೆ ಎರಡು ಇದ್ದದ್ದನ್ನು ಅಳಿಸಿ ಮೂರು ಎಂದು ಬರೆದು ಮತ್ತೆ ಕಟ್ಟಿದಳು. ಈ ಸಲ ಅದು ತಕರಾರಿಲ್ಲದೆ ಸೇರಿಕೊಂಡಿತು. ಬ್ರೌಸರಿಗೆ ಎಕ್ಸ್‌ಪ್ಲೋರರ್ ಎಂಬ ಹೆಸರು ಕೊಟ್ಟು ಬಾಗಿಲು ತಟ್ಟಿದಳು. ಕೆಂಪು ಸಾಲು ಮಾಯ! ಇಡೀ ಪ್ರದರ್ಶನದ ನಕ್ಷೆ ತೆರೆದುಕೊಂಡಿತು.

ನನಗೆ ಚಿಂಚವಾಡದ ಹಳೆಯ ಮನೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಒಬ್ಬ ಮಾಲೀಕ ಶಿವಗಂಗವ್ವ ಎಂಬ ನನ್ನ ಕನ್ನಡದ ಹೆಸರು ಕೇಳಿ ಮುಖ ಸಿಂಡರಿಸಿದ, ಮನೆ ಖಾಲಿ ಇಲ್ಲ ಎಂದ. ಮುಂದಿನ ಮನೆಯಲ್ಲಿ ನನ್ನ ಗಂಡ ಹೊಳಬಸಪ್ಪ ನಾನು ಬಾಯಿ ತೆರೆಯುವ ಮೊದಲೇ “ಹೀ ಗಂಗಾಬಾಯಿ”, ಇವಳು ಗಂಗಾಬಾಯಿ, ಎಂದು ಮರಾಠಿಯಲ್ಲಿ ಹೇಳಿಬಿಟ್ಟರು. ಮನೆ ಸಿಕ್ಕಿತು. ಅಂದಿನಿಂದ ಹೊಸ್ತಿಲಾಚೆ ನಾನು ಗಂಗಾಬಾಯಿ. ಒಲೆ ಅದೇ, ಕೈ ಅದೇ, ರೊಟ್ಟಿ ಅದೇ.

“ಆಯಿ, ಮಳಗಿ ಯಾರ ಹೆಸರಿಗೆ? ಗಂಗಾಬಾಯಿ ಅಂತ ಹಾಕಲ್ಯಾ?”

ಇನ್ವರ್ಟರ್ ಕುಂಯ್‌ಗುಟ್ಟತೊಡಗಿತ್ತು. ತಿಂಡಿಯ ಸಾಲಿನಲ್ಲಿ ಒಂದೇ ಒಂದು ಹಸಿರು ಚೌಕ ಉಳಿದಿತ್ತು.

“ಶಿವಗಂಗವ್ವ ಅಂತ ಹಾಕು,” ಎಂದೆ. “ಬ್ಯಾರೆ ಹೆಸರ ಹೇಳಿ ಒಳಗ ಬಂದದ್ದು ಸಾಕು. ಒಳಗ ಬಂದ ಮ್ಯಾಲೆ ನಮ್ಮ ಹೆಸರ ಇರಲಿ.”

ಅವಳು ಹಾಗೆಯೇ ಹೆಸರು ಬರೆದಳು. ಅರ್ಜಿಗೆ ನನ್ನ ಫೋಟೋವನ್ನೂ ಏರಿಸಿದಳು. ಎಕ್ಸ್‌ಪ್ಲೋರರ್ ಬೇಕೇ ಬೇಕು ಎಂದಿದ್ದ ಅಷ್ಟೂ ಕೆಲಸವನ್ನು ನಮ್ಮ ಫೈರ್‌ಫಾಕ್ಸ್ ಒಂದೂ ತಪ್ಪದೆ ಮಾಡಿತು. ಕೊನೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಮಳಿಗೆಯ ನಂಬರು, ಅದರ ಕೆಳಗೆ ನನ್ನ ಹೆಸರು. ಅದನ್ನು ಅವಳು ಬರೆದುಕೊಂಡಳೋ ಇಲ್ಲವೋ, ಇನ್ವರ್ಟರ್ ಬಾಯಿ ಮುಚ್ಚಿತು.

“ಗೆದ್ದಿವಿ!” ಎಂದು ಕತ್ತಲಾದ ಪರದೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಕೂಗಿಕೊಂಡೆವು. ಪುಕ್ಕಟೆ ಸಾಮಾನಿಗೆ ಅಂದು ಮೊದಲ ಸಲ ಕೈಮುಗಿದೆ.

ಕರೆಂಟು ಬಂದ ಮೇಲೆ ಹರ್ಷದಾ ಮೊದಲು ಮಾಡಿದ್ದು ಬ್ರೌಸರಿಗೆ ಅದರ ಹೆಸರನ್ನು ತಿರುಗಿ ಕೊಟ್ಟದ್ದು. ಆಮೇಲೆ ಪ್ರದರ್ಶನದವರಿಗೆ ಫೋನು ಹಚ್ಚಿ, ನಿಮ್ಮ ತಾಣ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಬಾಗಿಲಿನ ಆ ಸಾಲು ತೆಗೆಯಿರಿ ಎಂದು ಶುದ್ಧ ಪುಣೇರಿ ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡಳು. ಸಿಟ್ಟಿನಲ್ಲಿ ಅವಳು ನನಗೇನೂ ಕಡಿಮೆಯಿಲ್ಲ ಎಂದು ಅಂದು ತಿಳಿಯಿತು. ವಾರದೊಳಗೆ ಆ ಕೆಂಪು ಸಾಲು ಹೋಯಿತು.

ಪ್ರದರ್ಶನದ ದಿನ ಮಳಿಗೆಯ ಮೇಲೆ ನನ್ನ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದೆವು. ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿಂದ ಹೆಂಗಸೊಬ್ಬಳು ಬೋರ್ಡನ್ನು ತಡವರಿಸುತ್ತಾ ಓದಿ ಯಾರೆಂದು ಕೇಳಿದಳು. “ಶಿವಗಂಗವ್ವಾ... ಕೋಣ್?”

“ಮೀಚ್!” ಎಂದೆ, ಪಕ್ಕದ ಸಾಲಿನ ಮಾಧುರಿಗೂ ಕೇಳುವಷ್ಟು ಜೋರಾಗಿ. ನಾನೇ.