ಸಮುದ್ರ ನೋಡುವ ತನಕ

ಆಸೆ ಹುಟ್ಟಿದ್ದು ಮಲ್ಲಂದೂರಿನ ಶಂಕರಮ್ಮನವರ ಜಗಲಿಯಲ್ಲಿ. ಕಾಫಿಗೆ ಬೆಲೆ ಬಿದ್ದುಹೋದ ಮೇಲೆ ಶಂಕರಮ್ಮ ಎಸ್ಟೇಟ್ ಮನೆಯ ಎರಡು ಕೋಣೆ ಸುಣ್ಣಬಣ್ಣ ಮಾಡಿಸಿ, ಹೋಮ್‌ಸ್ಟೇ ಎಂದು ಬೋರ್ಡು ಹಾಕಿ, ಬೆಂಗಳೂರಿನ ಜನರನ್ನು ಇಳಿಸಿಕೊಳ್ಳುತ್ತಿದ್ದರು. ಹಬ್ಬಕ್ಕೆ ತಂದಿದ್ದ ದೊಡ್ಡ ಹಂಡೆ ವಾಪಸು ಕೊಡಲು ಗಿರಿಜಾಂಬಾ ಅಲ್ಲಿಗೆ ಹೋದಾಗ, ಬೆತ್ತದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕುಳಿತು ಪೇಪರ್ ಓದುತ್ತಿದ್ದಳು. ಪೇಪರಿನಿಂದ ಕಣ್ಣು ತೆಗೆಯದೆ ಒಳಕ್ಕೆ ಕೂಗಿ ಕೇಳಿದಳು: "ಮಧ್ಯಾಹ್ನಕ್ಕೆ ಏನು ಅಡುಗೆ?"

ಶಂಕರಮ್ಮ ಒಳಗಿನಿಂದಲೇ ಒಂದೊಂದಾಗಿ ಹೇಳಿದರು. ಆ ಹೆಂಗಸು "ಹೂಂ" ಎಂದು ಹಾಳೆ ಮಗುಚಿದಳು. ಅಷ್ಟೇ.

ಬಸ್ಸಿನಲ್ಲಿ ಮೂಡಿಗೆರೆಗೆ ಮರಳುವಾಗ ಗಿರಿಜಾಂಬಾಳ ಕಿವಿಯಲ್ಲಿ ಅದೇ ಮಾತು. ಮದುವೆಯಾಗಿ ಬಂದಾಗಿನಿಂದ ಆ ಪ್ರಶ್ನೆಯನ್ನು ಅವಳಿಗೆ ಎಲ್ಲರೂ ಕೇಳಿದ್ದಾರೆ. ಅವಳು ಯಾರನ್ನೂ ಕೇಳಿಲ್ಲ. ಯಾರನ್ನು ಕೇಳುವುದು, ಒಲೆಯನ್ನೇ?

ರಾತ್ರಿ ಗಂಡನಿಗೆ ಬಡಿಸುತ್ತಾ ಹೇಳಿದಳು. "ರೀ, ಎಲ್ಲಾದ್ರೂ ನಾಲ್ಕು ದಿನ ಹೋಗಿ ಇದ್ದು ಬರಾಣ. ಸಮುದ್ರದ ಕಡೆಗೆ. ನಾನಂತೂ ಹುಟ್ಟಿದ ಮೇಲೆ ಸಮುದ್ರ ನೋಡಿಲ್ಲ. ಇನ್ನೊಬ್ರು ಯಾರಾದ್ರೂ ಮಾಡಿ ಬಡಿಸ್ಬೇಕು, ನಾನು ಕೂತು ಉಣ್ಬೇಕು."

ಓಂಕಾರಮೂರ್ತಿ ಮೂಡಿಗೆರೆ ಪೇಟೆಯಲ್ಲಿ ತೋಟದವರಿಗೆ ಬೇಕಾದ ಕತ್ತಿ, ಟಾರ್ಪಾಲು, ರೇನ್‌ಕೋಟು ಮಾರುವ ಅಂಗಡಿ ಇಟ್ಟವನು. ಗಿರಾಕಿಗೆ ಇಲ್ಲ ಎಂದು ಹೇಳಿ ಗೊತ್ತಿಲ್ಲ, ಹೆಂಡತಿಗೂ ಹೇಳಲಿಲ್ಲ. "ಅದಕ್ಕೇನಂತೆ, ಹೋಗಾಣ" ಎಂದ. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿಯೇ ಅವಳಿಗೆ ಅನುಮಾನ ಬರಬೇಕಿತ್ತು.

ಏರ್ಪಾಡನ್ನು ಮೈದುನ ರೇಣುಕಪ್ರಸಾದ್ ವಹಿಸಿಕೊಂಡ. ಹೋಟೆಲಿನ ಮಾತು ಮೊದಲ ದಿನವೇ ಬಿದ್ದುಹೋಯಿತು. ಅತ್ತೆ ಹುಚ್ಚಮ್ಮ ಹೋಟೆಲಿನ ನೀರೂ ಮುಟ್ಟುವವರಲ್ಲ, ಅದರಲ್ಲೂ ಕರಾವಳಿಯ ಹೋಟೆಲು. "ಗಾಳೀಲೇ ಮೀನಿರುತ್ತೆ ಅಲ್ಲಿ" ಎಂದರು. ರೇಣುಕಪ್ರಸಾದ್ ಅಂಗಡಿಗೆ ಬರುವ ಪ್ಲಾಂಟರುಗಳನ್ನೆಲ್ಲ ವಿಚಾರಿಸಿ, ಕೊನೆಗೆ ಕುಮಟಾ ಕಡೆ ಒಂದು ಬಂಗಲೆ ಹುಡುಕಿದ. ಬ್ರಿಟಿಷರ ಕಾಲದ್ದು. ಗುಡ್ಡದ ನೆತ್ತಿಯಲ್ಲಿ ಇದೆ, ಎದುರಿಗೆ ಸಮುದ್ರ, ಹಿಂದೆ ತೆಂಗಿನ ತೋಟ.

"ಮಿರ್ಜಾನ್ ಕೋಟೆ ಅಲ್ಲೇ ಹತ್ರ ಅತ್ತಿಗೆ. ಘಟ್ಟದ ಮೆಣಸೆಲ್ಲ ಆಗಿನ ಕಾಲದಲ್ಲಿ ಅಲ್ಲಿಂದ್ಲೇ ಹಡಗು ಹತ್ತುತಿತ್ತಂತೆ" ಎಂದು ಕೈ ಬೀಸಿ ವರ್ಣಿಸಿದ. ಗಿರಿಜಾಂಬಾಳ ಕಣ್ಣೆದುರು ಹಡಗು ತೇಲಿತು. ಅಷ್ಟರಲ್ಲಿ ಅವನು ಮುಗಿಸಿದ: "ಎಲ್ಲಕ್ಕಿಂತ ಹೆಚ್ಚಿಗೆ, ದೊಡ್ಡ ಅಡಿಗೆಮನೆ ಇದೆ!"

ಹಡಗು ಅಲ್ಲೇ ಮುಳುಗಿತು.

"ಅಡಿಗೆಮನೆ ಯಾಕೆ?"

"ಅಮ್ಮನಿಗೆ ಹೋಟೆಲ್ ಆಗಲ್ವಲ್ಲ. ನೀವಿದ್ದೀರಲ್ಲ ಅತ್ತಿಗೆ."

ಅವನ ಹೆಂಡತಿ ನಾಗಶ್ರೀ ಸ್ಕೂಲ್ ಟೀಚರು. ಮಾತಿನಲ್ಲಿ ಜೇನು. "ನಾನು ತರಕಾರಿ ಹೆಚ್ಚಿ ಕೊಡ್ತೀನಿ ಅಕ್ಕ, ನೀವೇನೂ ಯೋಚ್ನೆ ಮಾಡ್ಬೇಡಿ" ಎಂದಳು.

ಗಿರಿಜಾಂಬಾ ಸುಮ್ಮನೆ ಕೂರುವವಳಲ್ಲ. ಬಂಗಲೆಯ ನಂಬರು ಕೇಳಿ ತೆಗೆದುಕೊಂಡು, ಅಂಗಡಿಯ ಫೋನಿನಿಂದ ಅಲ್ಲಿ ನೋಡಿಕೊಳ್ಳುವ ಮಾದೇವಿ ಎಂಬವಳ ಜೊತೆ ಮಾತಾಡಿದಳು. "ಮೀನು ಬ್ಯಾಡ ಅಂದ್ರೆ ಬ್ಯಾಡ ಅಮ್ಮಾ. ಅನ್ನ, ಹುಳಿ, ಪಲ್ಯ ಎಲ್ಲಾ ಮಾಡ್ತೆ. ನೀವು ಬಂದು ಕೂತ್ಕಂಡ್ರೆ ಸೈ" ಎಂದಳು ಮಾದೇವಿ. ಬಂದು ಕೂತುಕೊಂಡರೆ ಸೈ! ಇಂಥ ಮಾತನ್ನು ಗಿರಿಜಾಂಬಾಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅವತ್ತೇ ಹೋಗಿ ಹೊಸ ಪಾತ್ರೆಗಳ ಒಂದು ಸೆಟ್ಟು ಕೊಂಡು ತಂದು ಅತ್ತೆಯ ಮುಂದೆ ಹರಡಿದಳು. ಮೀನು ಕಂಡೇ ಇಲ್ಲದ ಪಾತ್ರೆ, ಇದರಲ್ಲಿ ಮಾದೇವಿ ಮಾಡಿದರೆ ಆಗದೇ?

ಹುಚ್ಚಮ್ಮ ಒಂದೊಂದನ್ನೂ ಬೆರಳಿನಿಂದ ಬಡಿದು ಸದ್ದು ನೋಡಿದರು. "ಪಾತ್ರೆ ಹೊಸದು, ಸರಿ. ಕೈ ಹೊಸದಾ?"

ಅದಕ್ಕೆ ಉತ್ತರ ಗಿರಿಜಾಂಬಾಳ ನಾಲಿಗೆಯ ತುದಿಯಲ್ಲಿತ್ತು. ನೀವು ಬೆಳಿಗ್ಗೆ ಎದ್ದು ಕುಡಿಯುವ ಕಾಫಿ ಯಾರ್ಯಾರ ಕೈ ದಾಟಿ ಬಂದಿದೆ ಎಂದು ಗೊತ್ತೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅತ್ತೆ ಕೆಟ್ಟವರೇನಲ್ಲ. ಹೆರಿಗೆಯಲ್ಲಿ ಅವಳ ತಲೆಯ ಹತ್ತಿರ ರಾತ್ರಿಯೆಲ್ಲ ಕೂತವರು. ಆದರೆ ನಿಯಮ ಅಂದರೆ ನಿಯಮ. ಅದರ ತೂಕ ಹೊರುವುದು ಸೊಸೆ.

ಇಷ್ಟರ ಮೇಲೆ ಓಂಕಾರಮೂರ್ತಿ, ಮನೆ ದೊಡ್ಡದಿದೆಯಲ್ಲ ಎಂದು ಬೀರೂರಿನ ತಂಗಿಯ ಮನೆಯವರನ್ನೂ ಕರೆದುಬಿಟ್ಟ. ತಂಗಿಯ ಗಂಡ ಮಲ್ಲಿಕಾರ್ಜುನಪ್ಪ ಫೋನಿನಲ್ಲೇ ಬಾಯಿ ಚಪ್ಪರಿಸಿದರು. "ಗಿರಿಜಮ್ಮಾ, ನಿಮ್ಮ ಕೈ ಕಡುಬು ತಿಂದು ಎಷ್ಟು ಕಾಲ ಆಯ್ತು! ಸಮುದ್ರದ ಮುಂದೆ ಕೂತು ಬಿಸಿಬಿಸಿ ಕಡುಬು ತಿನ್ನೋ ಯೋಗ ನೋಡಿ."

ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲಗಳು ಎದ್ದು ನಿಂತವು. ಒಂದರಲ್ಲಿ ರೊಟ್ಟಿ ಹಂಚು, ಕಡುಬಿನ ಪಾತ್ರೆ, ಮಿಕ್ಸಿ. ಇನ್ನೊಂದರಲ್ಲಿ ಅಕ್ಕಿಹಿಟ್ಟು, ಕಡುಬಿನ ತರಿ, ಬೇಳೆ, ಉಪ್ಪಿನಕಾಯಿ. ಗ್ಯಾಸ್ ಸಿಲಿಂಡರನ್ನು ಸುಮೋದ ಯಾವ ಸೀಟಿನ ಕೆಳಗೆ ಇಡುವುದು ಎಂದು ಅಣ್ಣತಮ್ಮಂದಿರು ಅಳತೆ ಹಾಕುತ್ತಿದ್ದರು. ಈ ಸಂಭ್ರಮದಲ್ಲಿ ಅವಳನ್ನೊಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲರೂ ರಜೆಗೆ ಹೊರಟಿದ್ದರು. ಅವಳು ಒಲೆ ಬದಲಾಯಿಸಲು ಹೊರಟಿದ್ದಳು.

"ರೀ, ನಾನು ಕೇಳಿದ್ದು ಇದಲ್ಲ."

"ಎಂತದೇ ಅದು, ಎಲ್ಲ ನೀನು ಕೇಳಿದ ಹಾಗೇ ಆಗ್ತಿದೆಯಲ್ಲ. ಸಮುದ್ರ ಕೇಳಿದೆ, ಸಮುದ್ರ ಬಂತು!"

ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸದ್ದು ಮಾಡುತ್ತದೆ ಎನ್ನಿಸಿತು ಅವಳಿಗೆ.

ಆ ವಾರ ಶಂಕರಮ್ಮ ದೇವರಮನೆ ಗುಡ್ಡದ ಭೈರವನ ಗುಡಿಗೆ ಜೀಪಿನಲ್ಲಿ ಹೊರಟಿದ್ದರು. ಗಿರಿಜಾಂಬಾ ಕಾಯಿ ಹಿಡಿದು ಹತ್ತಿ ಕೂತಳು. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. ಆದ್ದರಿಂದ ನಿಜವಾಗಿಯೂ ಭೈರವನ ಮುಂದೆ ನಿಂತು, ಕೈ ಮುಗಿದು, ನಿಜವಾದ ಹರಕೆಯನ್ನೇ ಹೊತ್ತಳು. ಆಚೆ ಹುಲ್ಲುಗುಡ್ಡಗಳ ಮೇಲೆ ಮಂಜು ಸರಿಯುತ್ತಿತ್ತು. "ಎಂತ ಬೇಡಿಕೊಂಡೆ ಮಾರಾಯ್ತಿ, ಅಷ್ಟು ಹೊತ್ತು?" ಎಂದರು ಶಂಕರಮ್ಮ. ಗಿರಿಜಾಂಬಾ ಪ್ರಸಾದದ ಹೂವು ಮುಡಿದು ಜೀಪು ಹತ್ತಿದಳು.

ಮನೆಗೆ ಬಂದವಳು ಅಡುಗೆಮನೆಗೆ ಹೋಗದೆ ಜಗಲಿಯಲ್ಲೇ ಕೂತಳು. "ಅತ್ತೆ, ನಾನು ಒಂದು ಹರಕೆ ಹೊತ್ತಿದ್ದೀನಿ. ಇನ್ನು ಒಲೆ ಹಚ್ಚಲ್ಲ."

 ಹರಕೆಯನ್ನು ಮುರಿ ಎನ್ನುವುದು ಹುಚ್ಚಮ್ಮನಿಂದ ಆಗುವ ಕೆಲಸವಲ್ಲ. ನಿಯಮದ ಹೆಂಗಸು ಅವರು. ಓಂಕಾರಮೂರ್ತಿಗೆ ಮಾತ್ರ ಬುದ್ಧಿ ಓಡಿತು. "ಇದೆಲ್ಲ ಆ ಟೂರಿಂದ ಬಂದದ್ದು. ಟೂರೇ ಬೇಡ. ಮನೇಲೇ ಇರಾಣ. ಆಯ್ತಾ? ಈಗ ಎದ್ದು ಒಂದು ಲೋಟ ಕಾಫಿ ಕೊಡು."

"ಟೂರು ಬಿಟ್ರೆ ಬಿಡಿ" ಎಂದಳು ಗಿರಿಜಾಂಬಾ. "ಹರಕೆ ಇರೋದು ಹೀಗೆ: ಸಮುದ್ರ ನೋಡುವ ತನಕ ಒಲೆ ಮುಟ್ಟಲ್ಲ ಅಂತ. ನೋಡದೇ ಹೋದ್ರೆ ಸಾಯೋ ತನಕ ಮುಟ್ಟೋ ಹಾಗಿಲ್ಲ."

ಮಾರನೆಯ ಬೆಳಿಗ್ಗೆ ನಾಗಶ್ರೀಗೆ ಇದ್ದಕ್ಕಿದ್ದಂತೆ ಕಡೂರಿನಲ್ಲಿರುವ ತಾಯಿಯ ಮಂಡಿನೋವು ನೆನಪಾಯಿತು. ರಜೆ ಇದ್ದೇ ಇತ್ತು. ಮೊದಲ ಬಸ್ಸಿಗೇ ಹೊರಟುಹೋದಳು. ಒಲೆಯ ಮುಂದೆ ಉಳಿದವರು ಅಣ್ಣತಮ್ಮಂದಿರು. ಅನ್ನ ಒಂದು ದಿನ ಗಂಜಿಯಾಯಿತು, ಇನ್ನೊಂದು ದಿನ ತಳ ಹಿಡಿಯಿತು. ಗಿರಿಜಾಂಬಾ ನಿರ್ದಯಿಯಲ್ಲ. ಬೆಂಕಿ ಬೇಡದ ಕೆಲಸವೆಲ್ಲ ಮಾಡಿದಳು, ಅತ್ತೆಗೆ ಅವಲಕ್ಕಿ ನೆನೆಸಿ ಮೊಸರು ಕಲಸಿ ಕೊಟ್ಟಳು. ಆದರೆ ಕಾಫಿಗೆ ಬೆಂಕಿ ಬೇಕು. ಸುತ್ತಲೂ ಕಾಫಿ ಬೆಳೆಯುವ ಊರಿನಲ್ಲಿ ಕೂತು ಹುಚ್ಚಮ್ಮ ಮಗ ಮಾಡಿದ ಕಾಫಿಯನ್ನು ಒಂದು ಗುಟುಕು ಕುಡಿದು, "ಇದಕ್ಕಿಂತ ಮೋರಿ ನೀರು ವಾಸಿ ಕಣಪ್ಪ" ಎಂದು ಲೋಟ ಕೆಳಗಿಟ್ಟರು.

ಇನ್ನು ಎರಡು ದಿನ ಹೀಗೇ ನಡೆದರೆ ಮಾದೇವಿಯ ಕೈಯೂ ಹೊಸದಾಗುತ್ತದೆ ಎಂದು ಗಿರಿಜಾಂಬಾ ಲೆಕ್ಕ ಹಾಕಿದ್ದಳು. ಕೆಟ್ಟಿದ್ದು ರೇಣುಕಪ್ರಸಾದನಿಂದ. ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದವನು ಒಮ್ಮೆಲೇ ಕೂಗಿದ.

"ಅಮ್ಮಾ! ಸಮುದ್ರ ನೋಡುವ ತನಕ ತಾನೇ? ಹಾಗಾದ್ರೆ ನೋಡಿದ ಗಳಿಗೇಲೇ ಹರಕೆ ತೀರಿತಲ್ಲ! ಹೋಗಿ ಇಳಿದ ಕೂಡ್ಲೇ ಅತ್ತಿಗೆ ಒಲೆ ಹಚ್ಚಬಹುದು!"

ಮನೆಯಲ್ಲಿ ಹಬ್ಬವಾಯಿತು. ಅಂಗಡಿಯನ್ನು ಅರ್ಧ ದಿನ ಮುಚ್ಚಲೂ ಒಪ್ಪದ ಓಂಕಾರಮೂರ್ತಿ, ಮಳೆಗಾಲದ ಮಾಲು ಇಳಿಸುವುದನ್ನೂ ಮುಂದೂಡಿ, ಬರುವ ಶುಕ್ರವಾರವೇ ಹೊರಡುವುದೆಂದು ಸಾರಿದ. ಬಿಚ್ಚಿದ ಗೋಣಿಚೀಲಗಳು ಮತ್ತೆ ತುಂಬಿದವು. ನಾಗಶ್ರೀಯ ತಾಯಿಯ ಮಂಡಿ ವಾಸಿಯಾಯಿತು. ಗಿರಿಜಾಂಬಾ ಜಗಲಿಯಿಂದಲೇ ಇದನ್ನೆಲ್ಲ ನೋಡಿದಳು. ಬೇರೆಯವರು ಕಟ್ಟಿದ ಬಲೆಯಾದರೆ ಬೈಯಬಹುದಿತ್ತು. ಇದು ತಾನೇ ಹೆಣೆದದ್ದು, ಅದೂ ದೇವರ ಮುಂದೆ. 'ನೋಡಿ ಮನೆಗೆ ಬರುವ ತನಕ' ಎಂದಿದ್ದರೆ ಆಗುತ್ತಿತ್ತು. ಈಗ ತಿದ್ದಲು ಭೈರವನೇನು ಅಂಗಡಿಯವನೇ?

ಶುಕ್ರವಾರ ಸುಮೋ ಆಗುಂಬೆ ಘಾಟಿ ಇಳಿಯಿತು. ಸೆಖೆ ಮುಖಕ್ಕೆ ಹೊಡೆಯಿತು. ಕುಂದಾಪುರ ದಾಟಿ ಮರವಂತೆ ಎಂಬ ಬೋರ್ಡು ಕಂಡಿದ್ದೇ ತಡ, ಗಿರಿಜಾಂಬಾ ಸೆರಗನ್ನು ಹಣೆಯಿಂದ ಗಲ್ಲದವರೆಗೆ ಎಳೆದುಕೊಂಡು, ಒಳಗೆ ಕಣ್ಣನ್ನೂ ಮುಚ್ಚಿಕೊಂಡಳು.

"ಅತ್ತಿಗೆ, ಸಮುದ್ರ! ರಸ್ತೆ ಪಕ್ಕದಲ್ಲೇ! ನೋಡಿ, ನೋಡಿ!"

"ಅಕ್ಕಾ, ಅಲೆ ನೋಡಿ ಎಷ್ಟು ಎತ್ತರ!"

"ಇದೇನೇ ಹೊಸ ಮದುವಣಗಿತ್ತಿ ಹಾಗೆ?" ಎಂದ ಗಂಡ.

"ತಲೆ ತಿರುಗ್ತಿದೆ" ಎಂದಳು. ಘಾಟಿ ಇಳಿದವಳಿಗೆ ತಲೆ ತಿರುಗಿದ್ದು ಸುಳ್ಳೇನಲ್ಲ. ಗಾಳಿಯಲ್ಲಿ ಉಪ್ಪು ಬಂತು. ಸದ್ದು ಬಂತು. ಇಷ್ಟು ವರ್ಷ ಕಾದ ಸಮುದ್ರ ಬಟ್ಟೆಯ ಒಂದು ಎಳೆಯ ಆಚೆ ಇತ್ತು. ಅವಳು ಹಲ್ಲು ಕಚ್ಚಿ ಕೂತಳು.

ಬಂಗಲೆಯಲ್ಲಿ ಸೆರಗು ಮುಸುಕಿಕೊಂಡೇ ಇಳಿದು, ಮಾದೇವಿಯ ಕೈ ಹಿಡಿದು ನೇರ ಹಿಂಬದಿಯ ಜಗಲಿಗೆ ನಡೆದಳು. ಅಲ್ಲಿ ಬಾವಿ, ತೆಂಗಿನ ಮರ, ಒಣಗಲು ಹಾಕಿದ ಬಟ್ಟೆ. ಬೆತ್ತದ ಕುರ್ಚಿಯೊಂದನ್ನು ತರಿಸಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ, ಬಾವಿಕಟ್ಟೆಯ ಮೇಲೆ ಕಾಲು ಚಾಚಿದಳು.

ಒಬ್ಬೊಬ್ಬರಾಗಿ ಬಂದು ಕರೆದರು. ಮಲ್ಲಿಕಾರ್ಜುನಪ್ಪ ಕಡುಬಿನ ಹಸಿವಿನಲ್ಲಿ ಎರಡು ಸಲ ಬಂದರು. ಓಂಕಾರಮೂರ್ತಿ ಕೊನೆಗೆ ಗೋಗರೆದ. "ಒಂದ್ಸಲ ಮುಂದೆ ಬಂದು ನೋಡೇ ಗಿರಿಜಾ. ಎಷ್ಟು ಚೆನ್ನಾಗಿದೆ."

"ನೋಡ್ತೀನಿ. ಹೊರಡೋ ದಿನ."

"ನಾಲ್ಕು ದಿನ ಹೀಗೇ ಕೂರ್ತೀಯಾ?"

"ಹೂಂ."

ಮಾರನೆಯ ಬೆಳಿಗ್ಗೆ ಹುಚ್ಚಮ್ಮ ಮಗನ ಕಾಫಿಯನ್ನು ತಂದು ತೆಂಗಿನ ಬುಡಕ್ಕೆ ಸುರಿದರು. ಸೊಸೆಯ ಪಕ್ಕ ಬಂದು ನಿಂತರು. ಆಮೇಲೆ ಅಂಗಳ ಗುಡಿಸುತ್ತಿದ್ದ ಮಾದೇವಿಯನ್ನು ಕರೆದರು.

"ಏ ತಾಯಿ, ಕೈಕಾಲು ತೊಳ್ಕೊಂಡು ಬಾ. ಒಳಗೆ ಹೊಸ ಪಾತ್ರೆ ಇದೆ. ಕಾಫಿ ಮಾಡೋಕೆ ಬರುತ್ತಾ?"

"ಬರ್ತದೆ ಅಜ್ಜಿ. ಎಷ್ಟ್ ಜನಕ್ಕೆ?"

"ಮೊದ್ಲು ನಂಗೆ."

ಕಾಫಿ ಬಂತು. ಹುಚ್ಚಮ್ಮ ಕೊನೆಯ ಗುಟುಕಿನ ತನಕ ಕುಡಿದರು. ಲೋಟ ತುಂಬಾ ಹೊತ್ತು ಕೈಯಲ್ಲೇ ಇತ್ತು, ಖಾಲಿಯಾದ ಮೇಲೂ.

ಗಿರಿಜಾಂಬಾ ಗಂಟಲು ಸರಿಮಾಡಿಕೊಂಡಳು. ತಲೆ ತಿರುಗಿಸದೆ ಒಳಕ್ಕೆ ಕೂಗಿದಳು: "ಮಾದೇವೀ, ಮಧ್ಯಾಹ್ನಕ್ಕೆ ಏನು ಅಡಿಗೆ?"

"ಅನ್ನ ಅಮ್ಮಾ. ಬಸಳೆ ಹುಳಿ, ಬೆಂಡೆಕಾಯಿ ಪಲ್ಯ. ಮಜ್ಜಿಗೆ."

"ಹೂಂ" ಎಂದಳು. ಮಗುಚಲು ಕೈಯಲ್ಲಿ ಪೇಪರ್ ಇರಲಿಲ್ಲ.

ಬೆನ್ನ ಹಿಂದೆ ಅಲೆ ಬಂಡೆಗೆ ಬಡಿಯಿತು. ಆಚೆ ಜಗಲಿಯಿಂದ ಎಲ್ಲರೂ ಒಟ್ಟಿಗೆ ಓ ಎಂದು ಕೂಗಿದರು, ಏನೋ ಕಂಡಿರಬೇಕು, ದೋಣಿಯೋ ಮತ್ತೇನೋ. ಅವಳ ಕತ್ತು ತಾನಾಗಿ ಅರ್ಧ ತಿರುಗಿತು. ನೋಡಿದರೆ ಸಂಜೆಗೇ ಅಕ್ಕಿರೊಟ್ಟಿ ಎನ್ನುತ್ತಾರೆ. ಅವಳು ಕುರ್ಚಿಯನ್ನು ಇನ್ನಷ್ಟು ಬಾವಿಯ ಕಡೆಗೆ ಎಳೆದುಕೊಂಡಳು.

"ಎಂತ ಅದು ಅತ್ತೆ?" ಎಂದು ಕೇಳಿದಳು. "ನೀವೇ ಹೋಗಿ ನೋಡಿ ಬಂದು ನಂಗೆ ಹೇಳಿ."