ಮಂಗಳವಾರದ ಕಾರ್ಡು

ಟಪ್, ಅಷ್ಟೇ, ನಾಳೆಗೆಂದು ಕೆಲಸದ ಕೋಟನ್ನು ಕೊಡವಿದಾಗ ಒಳಜೇಬಿನಿಂದ ಏನೋ ನೆಲಕ್ಕೆ ಬಿತ್ತು, ಈ ಹೊತ್ತಿನಲ್ಲಿ ಸೂಜಿ ಬಿದ್ದರೂ ಮನೆಯೆಲ್ಲ ಕೇಳುತ್ತದೆ, ಏನೇ ಅದು ಸದ್ದು, ಪಕ್ಕದ ಕೋಣೆಯಿಂದ ಅತ್ತೆ, ಏನಿಲ್ಲ ಅತ್ತೆ ಬಾಚಣಿಗೆ ಬಿತ್ತು, ನಡುರಾತ್ರೀಲಿ ಯಾರಿಗೆ ತೋರಿಸೋಕೆ ತಲೆ ಬಾಚ್ಕೋತಿದೀಯ ಮಲ್ಕೋ — ಬಾಚಣಿಗೆಯಲ್ಲ, ಹಳದಿ ಕಾರ್ಡು, ಒಂದು ಮೂಲೆ ಎಣ್ಣೆ ಕುಡಿದು ಕಪ್ಪಾಗಿದೆ, ಪಂಪಿನ ಒಳಚಕ್ರ, ನಲವತ್ತು, ನನ್ನದೇ ಅಕ್ಷರ, ಇಡೀ ಕಾರ್ಖಾನೆ ಹುಡುಕಿದ ಕಾರ್ಡು. ಮಂಗಳವಾರ, ಹೌದು, ಈಗ ನೆನಪಾಗಬೇಕೆ, ಎಣ್ಣೆ ಬಿದ್ದು ಸೊನ್ನೆ ಮಸುಕಾಗಿತ್ತು, ಯಾರಾದರೂ ನಾಲ್ಕು ಎಂದು ಓದಿಯಾರೆಂಬ ಭಯ, ಹೊಸದು ಬರೆದು ಹಾಕೋಣವೆಂದು ಡಬ್ಬದಿಂದ ಎತ್ತಿ ಜೇಬಿಗಿಟ್ಟೆ, ಫೋನು ಬಂತು, ಮರೆತೆ, ನನ್ನ ಎಚ್ಚರಿಕೆಯೇ ಎಡವಿತು. ಪಂಪು ಜೋಡಿಸುವ ಅಸೆಂಬ್ಲಿಯವರು ಚಕ್ರದ ಟ್ರೇ ಒಂದನ್ನು ಬಿಚ್ಚಿದರೆ ಅದರ ಕಾರ್ಡನ್ನು ತಗಡಿನ ಡಬ್ಬಕ್ಕೆ ಹಾಕಬೇಕು, ಲೇತಿನವರು ಅದನ್ನು ಎತ್ತಿಕೊಂಡು ಇನ್ನೊಂದು ಟ್ರೇ ತುಂಬಬೇಕು, ಕಾರ್ಡಿಲ್ಲದೆ ಒಂದು ಚಕ್ರವನ್ನೂ ಕಡೆಯುವಂತಿಲ್ಲ, ಇಷ್ಟೇ ನಮ್ಮ ಶಾಸ್ತ್ರ. ಕಾರ್ಡು ನನ್ನ ಜೇಬಿನಲ್ಲಿ ಬೆಚ್ಚಗಿತ್ತು, ಲೇತು ಸುಮ್ಮನಿತ್ತು, ಗುರುವಾರ ಚಕ್ರ ಮುಗಿದು ಅಸೆಂಬ್ಲಿ ಎರಡು ತಾಸು ನಿಂತಿತು. ನೋಡಿದ್ರಾ ಮೇಡಂ ನಿಮ್ಮ ಇಸ್ಪೀಟಾಟ, ಇವತ್ತು ಸಂಜೆ ಮ್ಯಾನೇಜರು ನಕ್ಕರು, ನಾಳೆ ಹತ್ತಕ್ಕೆ ಮೀಟಿಂಗ್, ಡಬ್ಬ ಎಲ್ಲ ಗುಜರಿಗೆ ಹಾಕಿಸ್ತೀನಿ, ಇನ್ಮೇಲೆ ಸಾಫ್ಟ್‌ವೇರ್ ಹೇಳಿದ್ದೇ ವೇದ. ಏನು ಹೇಳುತ್ತದೆ ಅದು, ಮುಂದಿನ ತಿಂಗಳು ಎಷ್ಟು ಪಂಪು ಹೋಗಬಹುದೆಂದು ಊಹಿಸಿ ಇವತ್ತೇ ಕಡೆಯಿರಿ ಎನ್ನುತ್ತದೆ, ಕೂಸು ಹುಟ್ಟುವ ಮುಂಚೆ ಕುಲಾವಿ. ಅತ್ತೆಯ ಅಡುಗೆಮನೆಗೆ ಬರಲಿ ಮ್ಯಾನೇಜರು, ಖಾಲಿಯಾದ ಡಬ್ಬಿಯನ್ನು ಅತ್ತೆ ಬೋರಲು ಹಾಕುತ್ತಾರೆ, ಅಂಗಡಿಗೆ ಹೊರಟವರು ಬೋರಲಿದ್ದದ್ದನ್ನು ನೋಡಿ ಅಷ್ಟೇ ತರಬೇಕು, ಇರೋದನ್ನೇ ತಂದು ಗುಡ್ಡೆ ಹಾಕ್ಬೇಡ ಹುಳ ಬೀಳುತ್ತೆ, ಹುಳ, ತುಕ್ಕು — ಕಾರ್ಖಾನೆಯ ಓಣಿಯಲ್ಲಿ ಒಂಬೈನೂರು ಸಣ್ಣ ಚಕ್ರ, ಅವು ಈಗಾಗಲೇ ಸಾಫ್ಟ್‌ವೇರ್ ಲೆಕ್ಕದವು, ತೊಂಬತ್ತರ ಮುಂದೆ ಒಂದು ಸೊನ್ನೆ ಹೆಚ್ಚು ಬಿತ್ತು, ಸಾಫ್ಟ್‌ವೇರ್ ಯಾಕೆ ಎನ್ನಲಿಲ್ಲ, ಏಳು ವಾರ ಬಾಯಿಬಿಡಲಿಲ್ಲ, ಲೇತಿನ ಫೋರ್ಮನ್, ಎಲ್ಲರಿಗೂ ದೊಡ್ಡಣ್ಣ, ದಿನಾ ಆ ರಾಶಿಗೆ ಕೈ ಮುಗಿಯುತ್ತಾರೆ, ನಮಸ್ಕಾರ ಬೀಗರೇ, ಯಾವಾಗ ಹೊರಡೋದು. ಆಗ ಯಾರೂ ಕಂಪ್ಯೂಟರನ್ನು ಗುಜರಿಗೆ ಹಾಕಲಿಲ್ಲ, ಟೈಪ್ ಮಾಡಿದವಳ ತಪ್ಪು ಎಂದು ಅವಳನ್ನು ಗೇಟಿನಾಚೆ ಕಳಿಸಿದರು, ಅಲ್ಲಿ ತಪ್ಪಾದರೆ ಮನುಷ್ಯರದ್ದು, ಇಲ್ಲಿ ಮನುಷ್ಯಳು ತಪ್ಪಿದರೆ ಕಾರ್ಡಿನದ್ದು, ಯಾವ ಊರಿನ ನ್ಯಾಯ ಇದು. ಕಾರ್ಡು ಕಳೆದಾಗ ಎರಡೇ ದಿನಕ್ಕೆ ಎಲ್ಲರ ಕಿವಿಗೂ ಬೀಳುವಂತೆ ಕೂಗಿತು, ಅದೇ ಅದರ ಗುಣ, ಇದನ್ನು ನಾಳೆ ಹತ್ತಕ್ಕೆ ಹೇಳುತ್ತೇನೆ, ಕೂತಲ್ಲ, ನಿಂತು, ದನಿ ನಡುಗಿದರೆ ನಡುಗಲಿ. ಜೇಬಿನ ವಿಷಯ? ಹೇಳಿದರೆ ಇದನ್ನೇ ಎತ್ತಿ ಹಿಡಿಯುತ್ತಾರೆ, ಜೇಬಿಗೆ ಹೋಗೋ ಕಾಗದ ನಂಬ್ಕೊಂಡು ಕಾರ್ಖಾನೆ ನಡೆಸೋದಾ, ಅಲ್ಲಿಗೆ ಮುಗಿಯಿತು. ದೊಡ್ಡಣ್ಣ ಟಾರ್ಚು ಹಿಡಿದು ಲೇತಿನಡಿ ತೆವಳಿದರು, ಮಂಡಿ ನೋವಿನವರು, ಸಿಗುತ್ತಮ್ಮಾ, ಕಾರ್ಡಿಗೇನು ಕಾಲು ಬರುತ್ತಾ ಎಂದರು, ನಾನೂ ಪಕ್ಕದಲ್ಲಿ ಬಗ್ಗಿ ಹುಡುಕಿದೆ, ಇದೇ ಕೋಟು ತೊಟ್ಟು — ಅವರಿಗೂ ಹೇಳುವುದಿಲ್ಲ, ಅವರ ಮುಖಕ್ಕೆ ಸುಳ್ಳು ಬರುವುದಿಲ್ಲ. ಅತ್ತೆಗೂ ಇಲ್ಲ. ಯಾರಿಗೂ ಇಲ್ಲ. ಇದನ್ನು ಡಬ್ಬಕ್ಕೆ ಮರಳಿಸುವಂತೆಯೂ ಇಲ್ಲ, ಬದಲಿ ಕಾರ್ಡು ಗುರುವಾರವೇ ಬರೆದಾಗಿದೆ, ಇದು ಬಿದ್ದರೆ ಯಾರೂ ಕೇಳದ ನಲವತ್ತು ಚಕ್ರ ಹುಟ್ಟುತ್ತವೆ, ಹರಿಯೋಣವೆಂದರೆ ಕೈ ಬಾರದು, ದೀಪ ಆರಿಸಿದೆ, ಅಂಗೈಯಲ್ಲಿ ಎಣ್ಣೆಯ ವಾಸನೆ, ಕತ್ತಲಲ್ಲೂ ಹಳದಿ, ಕಪ್ಪು ಮೂಲೆ, ನಲವತ್ತು, ನನ್ನದೇ ಅಕ್ಷರ, ನಲವತ್ತು